ಪಾದರಸಕ್ಕೆ ಬಲೆ ಬೀಸಿದ ಬ್ಯಾಕ್ಟೀರಿಯಾ

ನೀರಿಗೆ ಸೇರಿದ ಪಾದರಸ, ಆರ್ಸೆನಿಕ್‌ನಂಥ ವಿಷಗಳನ್ನು ಹೆಕ್ಕಿ ತೆಗೆಯಬಲ್ಲ ಕುಲಾಂತರಿ ಬ್ಯಾಕ್ಟೀರಿಯಾಗಳು ಪ್ರಯೋಗಾಲಯದಲ್ಲಿ ಸಿದ್ಧವಾಗಿ ಕಾಲು ಶತಮಾನ ಕಳೆಯಿತು. ಹಾಗಾದರೆ ಕೆರೆಗೆ ಸುರಿಯಲು ತಡವೇಕೆ? ಸುರಿಯಬಾರದು. ಅವುಗಳ ಜಾಗ ಕೆರೆಯಲ್ಲ, ಕಾರ್ಖಾನೆಯ ಕೊಳವೆಯ ಬಾಯಿ.

1956ರ ಏಪ್ರಿಲ್ 21. ಜಪಾನಿನ ಕ್ಯೂಶು ದ್ವೀಪದ ಮಿನಾಮಾಟಾ ಪಟ್ಟಣ. ರಾಸಾಯನಿಕ ಕಾರ್ಖಾನೆಗೆ ಸೇರಿದ ಆಸ್ಪತ್ರೆಗೆ ಐದು ವರ್ಷದ ಹುಡುಗಿಯೊಬ್ಬಳನ್ನು ಎತ್ತಿಕೊಂಡು ಬಂದರು. ಕಾಲು ನಿಲ್ಲುತ್ತಿಲ್ಲ, ಮಾತು ತೊದಲುತ್ತಿದೆ, ಮೈ ಸೆಟೆದುಕೊಳ್ಳುತ್ತಿದೆ. ಎರಡು ದಿನ ಕಳೆಯುವಷ್ಟರಲ್ಲಿ ಅವಳ ತಂಗಿಗೂ ಅದೇ ಕಾಟ. ನೆರೆಮನೆಗಳಲ್ಲಿ ವಿಚಾರಿಸಿದರೆ ಅಲ್ಲೂ ಇಂಥವರೇ.

ಮೇ 1ರಂದು ಆಸ್ಪತ್ರೆಯ ಮುಖ್ಯಸ್ಥ ಡಾ. ಹಾಜಿಮೆ ಹೊಸೊಕಾವಾ ಅವರು ಆರೋಗ್ಯ ಇಲಾಖೆಗೆ ವರದಿ ಕೊಟ್ಟರು: ಮಿದುಳು ಮತ್ತು ನರಗಳಿಗೆ ತಗಲುವ, ಕಾರಣ ತಿಳಿಯದ ಕಾಯಿಲೆಯೊಂದು ಹರಡುತ್ತಿದೆ.

ಬೆಸ್ತರ ಕೇರಿಗಳ ಬೆಕ್ಕುಗಳಿಗೆ ಈ ಕಾಯಿಲೆ ಅದಕ್ಕೂ ಮೊದಲೇ ಬಂದಿತ್ತು. ಅವು ಹುಚ್ಚೆದ್ದು ಕುಣಿಯುತ್ತಿದ್ದವು, ಗೋಡೆಗೆ ಹಾಯುತ್ತಿದ್ದವು, ಸಮುದ್ರಕ್ಕೆ ಬಿದ್ದು ಸಾಯುತ್ತಿದ್ದವು. ಬೆಕ್ಕು ತಿಂದದ್ದೂ ಮಕ್ಕಳು ತಿಂದದ್ದೂ ಒಂದೇ ಕೊಲ್ಲಿಯ ಮೀನು.

ಊರಿನ ಚಿಸ್ಸೊ ಕಾರ್ಖಾನೆ 1932ರಿಂದ ಅಸಿಟಾಲ್ಡಿಹೈಡ್ ತಯಾರಿಸುತ್ತಿತ್ತು. ಅದಕ್ಕೆ ವೇಗವರ್ಧಕವಾಗಿ ಪಾದರಸ ಬೇಕು. ಅದರ ಒಂದು ಪಾಲು ಮೀಥೈಲ್ ಪಾದರಸವಾಗಿ ತ್ಯಾಜ್ಯ ನೀರಿನೊಡನೆ ಕೊಲ್ಲಿಗೆ ಹೋಯಿತು. ಅಲ್ಲಿಂದ ಮೀನಿಗೆ, ಮೀನಿನಿಂದ ಮನುಷ್ಯರ ಮಿದುಳಿಗೆ. 1959ರಲ್ಲಿ ಹೊಸೊಕಾವಾ ಕಾರ್ಖಾನೆಯ ತ್ಯಾಜ್ಯವನ್ನೇ ಆಹಾರದಲ್ಲಿ ಬೆರೆಸಿ ಬೆಕ್ಕೊಂದಕ್ಕೆ ತಿನ್ನಿಸಿದರು. 400ನೇ ಸಂಖ್ಯೆಯ ಆ ಬೆಕ್ಕಿಗೂ ಅದೇ ಕಾಯಿಲೆ ಬಂತು. ಕಂಪನಿ ಆ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. ಇನ್ನೂ ಒಂಬತ್ತು ವರ್ಷ, ಅಂದರೆ 1968ರವರೆಗೆ, ಆ ತಯಾರಿಕೆ ನಿಲ್ಲಲಿಲ್ಲ.

ಅಷ್ಟು ವಿಷ ಕುಡಿದ ಕೊಲ್ಲಿಯನ್ನು ಶುದ್ಧ ಮಾಡಿದ್ದು ಹೇಗೆ? 1977ರಿಂದ 1990ರವರೆಗೆ ತಳದ ಕೆಸರನ್ನು ಯಂತ್ರಗಳಿಂದ ಎಳೆದು ತೆಗೆದರು. ಸುಮಾರು 15 ಲಕ್ಷ ಘನ ಮೀಟರ್ ಕೆಸರು. ಕೊಲ್ಲಿಯ ಒಂದು ಮೂಲೆಗೆ ಗೋಡೆ ಕಟ್ಟಿ, ಅದನ್ನು ಅಲ್ಲಿ ತುಂಬಿ, ಮೇಲೆ ಒಳ್ಳೆಯ ಮಣ್ಣು ಹರಡಿದರು. ಸಮುದ್ರವಿದ್ದ ಕಡೆ 58 ಹೆಕ್ಟೇರ್ ನೆಲ ಎದ್ದಿತು. ಇಂದು ಅಲ್ಲಿ ಉದ್ಯಾನವಿದೆ, ಸತ್ತವರ ಸ್ಮಾರಕವಿದೆ. ಪ್ರತಿ ಮೇ 1ರಂದು ಜನ ಸೇರಿ ನಮಿಸುತ್ತಾರೆ. ಪಾದರಸ ಅವರ ಕಾಲ ಕೆಳಗೇ ಇದೆ.

ಭಾರಲೋಹದ ಮಾಲಿನ್ಯದಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಇದು. ಚರಂಡಿಯ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ನೀರು, ಗಾಳಿ ಮಾಡಿಬಿಡುತ್ತವೆ. ಎಣ್ಣೆಯನ್ನೂ ತಿನ್ನುತ್ತವೆ. ಪಾದರಸ ಮೂಲಧಾತು. ಅದನ್ನು ಯಾವ ಜೀವಿಯೂ ಅರಗಿಸಿ ಇಲ್ಲವಾಗಿಸಲಾರದು. ಒಂದು ಕಡೆಯಿಂದ ಇನ್ನೊಂದು ಕಡೆಗೆ, ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಸಾಗಿಸಬಹುದು, ಅಷ್ಟೇ. ‘ಲೋಹ ತಿನ್ನುವ ಬ್ಯಾಕ್ಟೀರಿಯಾ’ ಎಂಬ ಸುದ್ದಿ ಓದುವಾಗಲೆಲ್ಲ, ತಿಂದದ್ದನ್ನು ಅದು ಎಲ್ಲಿ ಇಟ್ಟಿತು ಎಂದು ಕೇಳಲೇಬೇಕು.

> ಕುಡಿಯುವ ನೀರಿನಲ್ಲಿ ಎಷ್ಟಿರಬಹುದು?
> ಭಾರತೀಯ ಮಾನಕ ಐಎಸ್ 10500ರ ಪ್ರಕಾರ, ಪ್ರತಿ ಲೀಟರ್‌ಗೆ ಗರಿಷ್ಠ:
> ಪಾದರಸ – 0.001 ಮಿ.ಗ್ರಾಂ
> ಕ್ಯಾಡ್ಮಿಯಂ – 0.003 ಮಿ.ಗ್ರಾಂ
> ಸೀಸ – 0.01 ಮಿ.ಗ್ರಾಂ
> ಆರ್ಸೆನಿಕ್ – 0.01 ಮಿ.ಗ್ರಾಂ
> ಒಟ್ಟು ಕ್ರೋಮಿಯಂ – 0.05 ಮಿ.ಗ್ರಾಂ

ಕೆಸರಿನಲ್ಲೇ ಇತ್ತು ಮದ್ದು

ಮಿನಾಮಾಟಾದ ಆ ಕೆಸರಿನಲ್ಲಿ ಎಲ್ಲವೂ ಸತ್ತಿರಲಿಲ್ಲ. ಜಪಾನಿನ ವಿಜ್ಞಾನಿಗಳು ಅದರಿಂದ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾವೊಂದನ್ನು ಬೇರ್ಪಡಿಸಿದರು. ಎಂಬಿ1 ಎಂದು ಅದರ ಹೆಸರು. ಬೇರೆ ಜೀವಿಗಳನ್ನು ಕೊಲ್ಲುವಷ್ಟು ಪಾದರಸದ ನಡುವೆ ಅದು ಆರಾಮವಾಗಿ ಬೆಳೆಯುತ್ತಿತ್ತು. ಅಮೆರಿಕದ ಬೋಸ್ಟನ್ ಬಂದರಿನ ಕೆಸರಿನಲ್ಲಿ ಸಿಕ್ಕ ಮತ್ತೊಂದು ಬ್ಯಾಸಿಲಸ್‌ನಲ್ಲೂ ಬಹುತೇಕ ಅವೇ ಜೀನ್‌ಗಳಿದ್ದವು. ಪೆಸಿಫಿಕ್‌ನ ದಡದಲ್ಲೊಂದು, ಅಟ್ಲಾಂಟಿಕ್ ದಡದಲ್ಲೊಂದು. ಪಾದರಸವಿದ್ದಲ್ಲೆಲ್ಲ ಈ ಜೀನ್‌ಗಳ ಗೊಂಚಲು ಹಬ್ಬಿದೆ. ಅದಕ್ಕೆ ‘ಮರ್’ ಎಂದು ಹೆಸರಿಟ್ಟಿದ್ದಾರೆ.

ಒಂದು ಕೋಶದೊಳಗೆ ನಡೆಯುವುದನ್ನು ಹತ್ತಿರದಿಂದ ನೋಡೋಣ. ಮರ್ ಜೀನ್‌ಗಳ ಮುಂದೆ ‘ಮರ್-ಆರ್’ ಎಂಬ ಪ್ರೋಟೀನ್ ಡಿಎನ್‌ಎಗೆ ಅಂಟಿಕೊಂಡು ಕಾವಲು ಕೂತಿರುತ್ತದೆ. ಪಾದರಸ ಸುಳಿಯದಷ್ಟು ಹೊತ್ತು ಜೀನ್‌ಗಳು ಮೌನ. ಪಾದರಸದ ಒಂದೇ ಒಂದು ಅಯಾನು ಬಂದು ತಗಲಿದರೆ ಸಾಕು, ಮರ್-ಆರ್ ತನ್ನ ಆಕಾರ ಬದಲಿಸುತ್ತದೆ. ಅದರ ಹಿಡಿತದಲ್ಲಿದ್ದ ಡಿಎನ್‌ಎ ತುಸು ತಿರುಚಿಕೊಳ್ಳುತ್ತದೆ. ಆಗ ಜೀನ್‌ಗಳನ್ನು ಓದುವ ಕಿಣ್ವಕ್ಕೆ ದಾರಿ ತೆರೆಯುತ್ತದೆ.

ಮುಂದಿನದೆಲ್ಲ ಸರಸರ. ಕೆಲವು ಪ್ರೋಟೀನ್‌ಗಳು ಪಾದರಸವನ್ನು ಹೊರಗಿನಿಂದ ಒಳಗೆ ತರುತ್ತವೆ. ‘ಮರ್-ಬಿ’ ಎಂಬ ಕಿಣ್ವ ಮೀಥೈಲ್ ಪಾದರಸದಲ್ಲಿ ಇಂಗಾಲವನ್ನೂ ಪಾದರಸವನ್ನೂ ಬೆಸೆದಿರುವ ಬಂಧವನ್ನು ಕತ್ತರಿಸುತ್ತದೆ. ಮಿನಾಮಾಟಾದ ಮಕ್ಕಳ ಮಿದುಳು ಹೊಕ್ಕ ರೂಪ ಅಲ್ಲಿಗೆ ಮುಗಿಯಿತು. ಉಳಿದ ಅಯಾನನ್ನು ‘ಮರ್-ಎ’ ಕಿಣ್ವ ಶುದ್ಧ ಲೋಹದ ರೂಪಕ್ಕೆ ತರುತ್ತದೆ. ಹಳೆಯ ಥರ್ಮಾಮೀಟರ್‌ನೊಳಗೆ ಹೊಳೆಯುತ್ತಿದ್ದದ್ದು ಈ ರೂಪವೇ. ಅದು ಆವಿಯಾಗಿ ಕೋಶದಿಂದ ಹೊರಟುಹೋಗುತ್ತದೆ.

ಬ್ಯಾಕ್ಟೀರಿಯಾ ತನ್ನ ಪ್ರಾಣ ಉಳಿಸಿಕೊಂಡಿತು. ನಮ್ಮ ಕಷ್ಟ ಉಳಿಯಿತು. ನೀರಿನಲ್ಲಿದ್ದ ಪಾದರಸ ಗಾಳಿಗೆ ಹೋಯಿತು, ಗಾಳಿಯಿಂದ ಮಳೆಯೊಡನೆ ಮತ್ತೆಲ್ಲೋ ಇಳಿಯುತ್ತದೆ.

ಜರ್ಮನಿಯ ಬ್ರೌನ್‌ಶ್ವೈಗ್‌ನ ಸಂಶೋಧಕರು ಇದಕ್ಕೆ ನೇರ ಉಪಾಯ ಹೂಡಿದರು: ಬ್ಯಾಕ್ಟೀರಿಯಾವನ್ನು ಮುಚ್ಚಿದ ತೊಟ್ಟಿಯಲ್ಲಿ ಕೂಡಿಹಾಕುವುದು. ಕಾಸ್ಟಿಕ್ ಸೋಡಾ ಕಾರ್ಖಾನೆಯ ತ್ಯಾಜ್ಯ ನೀರನ್ನು ಆ ತೊಟ್ಟಿಯ ಮೂಲಕ ಹಾಯಿಸಿದಾಗ, ಶೇ 90ರಿಂದ 98ರಷ್ಟು ಪಾದರಸ ಅಲ್ಲೇ ತಂಗಿತು ಎಂದು 1999ರಲ್ಲಿ ವರದಿ ಮಾಡಿದರು. ಅವರು ಬಳಸಿದ್ದು ಕುಲಾಂತರಿಯಲ್ಲ, ನಿಸರ್ಗದಲ್ಲಿ ಸಿಕ್ಕ ಸ್ಯೂಡೊಮೊನಾಸ್. ಈ ಪ್ರಯೋಗ ನನಗೆ ಬಹಳ ಮುಖ್ಯವೆನಿಸುತ್ತದೆ. ಅರ್ಧ ಕೆಲಸ ಮಾಡಿದ್ದು ತೊಟ್ಟಿಯೇ.

ಕಾಸ್ಟಿಕ್ ಸೋಡಾ ಎಂದಾಗ ನಮ್ಮ ಕರಾವಳಿಯವರಿಗೆ ಕಾರವಾರ ನೆನಪಾಗಬೇಕು. ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸಮೀಪದ ಸಮುದ್ರದಲ್ಲಿ ಪಾದರಸ ಕುರಿತ ಅಧ್ಯಯನವೊಂದು 1990ರಲ್ಲೇ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಪಾದರಸ ಬಳಸುವ ಆ ಹಳೆಯ ವಿಧಾನವನ್ನು ದೇಶದ ಕಾಸ್ಟಿಕ್ ಸೋಡಾ ಉದ್ಯಮ ಕ್ರಮೇಣ ಕೈಬಿಟ್ಟು ಮೆಂಬ್ರೇನ್ ವಿಧಾನಕ್ಕೆ ಬಂತು. ಎಲ್ಲಕ್ಕಿಂತ ಒಳ್ಳೆಯ ಶುದ್ಧೀಕರಣವೆಂದರೆ ಅದೇ. ಪಾದರಸವೇ ಬೇಡವೆಂದ ಮೇಲೆ ಅದನ್ನು ಹಿಡಿಯುವ ಕೆಲಸವೂ ಇಲ್ಲ.

> ಮಿನಾಮಾಟಾ ಒಪ್ಪಂದ
> ಪಾದರಸದ ಬಳಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಈ ಊರಿನದೇ ಹೆಸರು. 2013ರಲ್ಲಿ ಜಪಾನಿನ ಕುಮಾಮೊಟೊದಲ್ಲಿ ಸಹಿ; 2017ರ ಆಗಸ್ಟ್ 16ರಂದು ಜಾರಿ. ಭಾರತ 2018ರಲ್ಲಿ ಅನುಮೋದಿಸಿತು. ಮಿನಾಮಾಟಾ ಕಾಯಿಲೆಯ ಅಧಿಕೃತ ರೋಗಿಗಳ ಸಂಖ್ಯೆ ಎರಡು ಸಾವಿರಕ್ಕೂ ಹೆಚ್ಚು. ಪಟ್ಟಿಗೆ ಸೇರದೆ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಅದಕ್ಕಿಂತ ಎಷ್ಟೋ ಹೆಚ್ಚು.

ಇಲಿಯ ಜೀನ್, ಕರುಳಿನ ಬ್ಯಾಕ್ಟೀರಿಯಾ

ಪಾದರಸವನ್ನು ಹೊರಗೆ ಬಿಡದೆ ಒಳಗೇ ಹಿಡಿದಿಡುವ ಕೋಶ ಬೇಕಿದ್ದರೆ ನಿಸರ್ಗದ ಮರ್ ಸಾಲದು. ಕುಲಾಂತರಿ ತಂತ್ರ ಕಾಲಿಟ್ಟದ್ದು ಇಲ್ಲಿಂದ.

ಪ್ರಾಣಿಗಳ ಮೈಯಲ್ಲಿ ಮೆಟಲೊಥಯೊನೀನ್ ಎಂಬ ಪುಟ್ಟ ಪ್ರೋಟೀನ್ ಇದೆ. 1957ರಲ್ಲಿ ಕುದುರೆಯ ಮೂತ್ರಪಿಂಡದಲ್ಲಿ ಪತ್ತೆಯಾಯಿತು. ಅರವತ್ತು ಚಿಲ್ಲರೆ ಅಮೈನೊ ಆಮ್ಲಗಳ ಸರ, ಅದರಲ್ಲಿ ಇಪ್ಪತ್ತು ಸಿಸ್ಟೀನ್‌ಗಳೇ. ಪ್ರತಿ ಸಿಸ್ಟೀನ್‌ನಲ್ಲೂ ಒಂದು ಗಂಧಕ. ಗಂಧಕಕ್ಕೂ ಪಾದರಸ, ಕ್ಯಾಡ್ಮಿಯಂಗಳಿಗೂ ಎಲ್ಲಿಲ್ಲದ ನಂಟು; ಹಲಸಿನ ಮೇಣ ಕೈಗೆ ಹತ್ತಿದಂತೆ, ಒಮ್ಮೆ ಹತ್ತಿದರೆ ಬಿಡುವುದಿಲ್ಲ.

1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ವಿಲ್ಸನ್ ತಂಡ ಎರಡನ್ನೂ ಜೋಡಿಸಿತು. ನಮ್ಮ ಕರುಳಿನಲ್ಲೇ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಪಾದರಸವನ್ನು ಒಳಗೆಳೆದು ತರುವ ಮರ್ ಪ್ರೋಟೀನ್‌ಗಳನ್ನೂ, ತಂದದ್ದನ್ನು ಹಿಡಿದಿಡುವ ಮೆಟಲೊಥಯೊನೀನನ್ನೂ ಕೊಟ್ಟರು. 2000ದಲ್ಲಿ ಸ್ಪೇನ್‌ನ ವಿಕ್ಟರ್ ಡಿ ಲೊರೆಂಜೊ ಮತ್ತು ಸಂಗಡಿಗರು ಇನ್ನೊಂದು ದಾರಿ ಹಿಡಿದರು. ಮಣ್ಣಿನ ಬ್ಯಾಕ್ಟೀರಿಯಾವೊಂದರ ಹೊರಮೈಯಲ್ಲೇ ಇಲಿಯ ಮೆಟಲೊಥಯೊನೀನ್ ಮೂಡುವಂತೆ ಮಾಡಿದರು. ಅದನ್ನು ಕ್ಯಾಡ್ಮಿಯಂ ಬೆರೆತ ಮಣ್ಣಿಗೆ ಸೇರಿಸಿದಾಗ ಅಲ್ಲಿನ ತಂಬಾಕು ಗಿಡಗಳಿಗೆ ತಟ್ಟುತ್ತಿದ್ದ ವಿಷದ ಬಾಧೆ ತಗ್ಗಿತು.

ಹೆಚ್ಚು ಸದ್ದು ಮಾಡಿದ್ದು 2011ರ ಪೋರ್ಟೊರಿಕೊ ಪ್ರಯೋಗ. ಅಲ್ಲಿನ ಇಂಟರ್ ಅಮೆರಿಕನ್ ವಿಶ್ವವಿದ್ಯಾಲಯದ ಆಸ್ಕರ್ ರೂಯಿಜ್ ತಂಡ ಇಲಿಯ ಮೆಟಲೊಥಯೊನೀನ್ ಜೀನನ್ನು ಇ. ಕೋಲಿಗೆ ಹಾಕಿ, ಆ ಪ್ರೋಟೀನ್ ಯಥೇಚ್ಛವಾಗಿ ತಯಾರಾಗುವಂತೆ ತಿದ್ದಿತು. 120 ಮೈಕ್ರೊಮೋಲಾರ್ ಪಾದರಸದ ದ್ರಾವಣದಲ್ಲಿ ಅದು ಬದುಕಿತು. ಅಷ್ಟೇ ಅಲ್ಲ, ಐದು ದಿನದಲ್ಲಿ ಅದರಲ್ಲಿ ಸುಮಾರು 100 ಮೈಕ್ರೊಮೋಲಾರ್‌ನಷ್ಟನ್ನು ತನ್ನೊಳಗೆ ತುಂಬಿಕೊಂಡಿತು. ಹಾಗೆ ಹಗುರಾದ ದ್ರಾವಣದಲ್ಲಿ ಸಾಮಾನ್ಯ ಬ್ಯಾಕ್ಟೀರಿಯಾವೂ ಬೆಳೆಯಿತು.

ದೊಡ್ಡ ಸಾಧನೆಯೇ. ಆದರೂ ಲೆಕ್ಕ ಹಾಕಿ ನೋಡಬೇಕು. 120 ಮೈಕ್ರೊಮೋಲಾರ್ ಎಂದರೆ ಲೀಟರ್‌ಗೆ ಸುಮಾರು 24 ಮಿಲಿಗ್ರಾಂ ಪಾದರಸ. ಅದರಲ್ಲಿ 20 ಮಿಲಿಗ್ರಾಂ ಹೋದರೆ ಇನ್ನೂ 4 ಮಿಲಿಗ್ರಾಂ ಉಳಿಯಿತು. ಕುಡಿಯುವ ನೀರಿನ ಮಿತಿಯ ನಾಲ್ಕು ಸಾವಿರ ಪಟ್ಟು! ಅಂದರೆ ಈ ಬ್ಯಾಕ್ಟೀರಿಯಾ ಬಾವಿಯ ನೀರನ್ನು ಕುಡಿಯಲು ಯೋಗ್ಯ ಮಾಡುವ ಮಾಂತ್ರಿಕನಲ್ಲ. ದಟ್ಟ ವಿಷವಿರುವ ಕಾರ್ಖಾನೆ ನೀರಿನ ಹೊರೆಯನ್ನು ಮೊದಲ ಹಂತದಲ್ಲಿ ಇಳಿಸುವ ಆಳು. ಉಳಿದದ್ದಕ್ಕೆ ಮುಂದೆ ಬೇರೆ ಶೋಧಕಗಳು ಬೇಕೇ ಬೇಕು.

ತೀರಾ ತೆಳುವಾದ ವಿಷಕ್ಕೂ ಜೀವಿಗಳಿವೆ. 2004ರಲ್ಲಿ ಕ್ಯಾಲಿಫೋರ್ನಿಯಾದ ತಂಡವೊಂದು ಆರ್ಸೆನಿಕ್ ಗುರುತಿಸುವ ‘ಆರ್ಸ್-ಆರ್’ ಪ್ರೋಟೀನನ್ನು ಇ. ಕೋಲಿಯೊಳಗೆ ಹೇರಳವಾಗಿ ತುಂಬಿಸಿತು. ಲೀಟರ್‌ಗೆ 0.05 ಮಿಲಿಗ್ರಾಂ ಆರ್ಸೆನಿಕ್ ಇದ್ದ ನೀರಿನಿಂದ ಒಂದೇ ಗಂಟೆಯಲ್ಲಿ ಶೇ 98ರಷ್ಟನ್ನು ಅದು ಹೀರಿತು. ಇದು ನಮ್ಮ ಹಳ್ಳಿಗಳಿಗೆ ಹತ್ತಿರವಾದ ಅಂಕಿ.

ಪರಮಾಣು ಕೊಳಚೆಗೆ ಮುಂಬೈನ ಉತ್ತರ

ಭಾರತದ ವಿಜ್ಞಾನಿಗಳು ಈ ಕೆಲಸವನ್ನು ದೂರದಿಂದ ನೋಡುತ್ತಾ ಕೂತವರಲ್ಲ. ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಶ್ರೀಕುಮಾರ್ ಆಪ್ಟೆ ಅವರ ತಂಡ 2006ರಲ್ಲಿ ವಿಕಿರಣಕ್ಕೆ ಜಗ್ಗದ ಡೀನೊಕಾಕಸ್ ಬ್ಯಾಕ್ಟೀರಿಯಾಕ್ಕೆ ಸಾಲ್ಮೊನೆಲ್ಲಾದ ‘ಫೋ-ಎನ್’ ಎಂಬ ಜೀನ್ ಸೇರಿಸಿತು. ಆ ಜೀನಿನ ಕಿಣ್ವ ಫಾಸ್ಫೇಟ್ ಬಿಡುಗಡೆ ಮಾಡುತ್ತದೆ. ನೀರಿನಲ್ಲಿ ಕರಗಿದ ಯುರೇನಿಯಂ ಅದರೊಡನೆ ಕೂಡಿ, ಘನವಾಗಿ ಕೋಶದ ಮೈಮೇಲೆ ಕಟ್ಟಿಕೊಳ್ಳುತ್ತದೆ. ದುರ್ಬಲ ದ್ರಾವಣದಿಂದ ಆರು ಗಂಟೆಯಲ್ಲಿ ಶೇ 90ಕ್ಕೂ ಹೆಚ್ಚು ಯುರೇನಿಯಂ ಹೀಗೆ ಬೇರ್ಪಟ್ಟಿತು.

ಲೋಹ ಕೋಶದೊಡನೆ ಕಟ್ಟಿಕೊಂಡು ನೀರಿನಿಂದ ಬೇರೆಯಾಯಿತು ಎಂಬುದನ್ನು ಗಮನಿಸಿ. ಗಾಳಿಗೆ ಹೋಗಲಿಲ್ಲ, ಕರಗಿಯೂ ಉಳಿಯಲಿಲ್ಲ. ಬಾಚಿ ತೆಗೆಯಬಹುದು, ಲೋಹವನ್ನು ಮರಳಿ ಪಡೆಯಬಹುದು. ಈ ಕ್ಷೇತ್ರದ ಕೆಲಸಗಳಲ್ಲಿ ನನಗೆ ಅತ್ಯಂತ ಭರವಸೆ ಹುಟ್ಟಿಸಿದ್ದು ಇದೇ.

> ಸಾಯಲೊಲ್ಲದ ಜೀವಿ
> ಡೀನೊಕಾಕಸ್ ರೇಡಿಯೊಡ್ಯೂರನ್ಸ್ ಪತ್ತೆಯಾದದ್ದು 1956ರಲ್ಲಿ, ಅಮೆರಿಕದ ಆರೆಗಾನ್‌ನಲ್ಲಿ. ಡಬ್ಬಿಯಲ್ಲಿಟ್ಟ ಮಾಂಸವನ್ನು ಗಾಮಾ ಕಿರಣಗಳಿಂದ ಕ್ರಿಮಿಮುಕ್ತ ಮಾಡಲು ಹೊರಟಾಗ, ಸಾಕಷ್ಟು ಕಿರಣ ಹಾಯಿಸಿದ ಮೇಲೂ ಮಾಂಸ ಕೆಟ್ಟಿತು. ಮನುಷ್ಯನನ್ನು ಕೊಲ್ಲಲು 5 ಗ್ರೇ ವಿಕಿರಣ ಸಾಕು. ಇದು 5,000 ಗ್ರೇ ತಡೆದುಕೊಳ್ಳುತ್ತದೆ. ಚೂರುಚೂರಾದ ತನ್ನ ಡಿಎನ್‌ಎಯನ್ನು ಕೆಲವೇ ಗಂಟೆಗಳಲ್ಲಿ ಮತ್ತೆ ಜೋಡಿಸಿಕೊಳ್ಳುತ್ತದೆ. 2000ದಲ್ಲಿ ಅಮೆರಿಕದ ಮೈಕೆಲ್ ಡೇಲಿ ಮತ್ತು ಸಂಗಡಿಗರು ಇದಕ್ಕೆ ಮರ್-ಎ ಜೀನ್ ಸೇರಿಸಿ, ವಿಕಿರಣದ ನಡುವೆಯೂ ಪಾದರಸವನ್ನು ರೂಪಾಂತರಿಸುವಂತೆ ಮಾಡಿದರು.

ಹಾಗಾದರೆ ಕೆರೆಗೆ ಯಾಕೆ ಬಿಡಬಾರದು?

ಕುಲಾಂತರಿ ಬ್ಯಾಕ್ಟೀರಿಯಾದ ಚರ್ಚೆಗೆ ದೊಡ್ಡ ತಿರುವು ಸಿಕ್ಕಿದ್ದು ಭಾರತ ಮೂಲದವರೊಬ್ಬರಿಂದ. ಪಶ್ಚಿಮ ಬಂಗಾಳದ ಸಾಯಿಂಥಿಯಾದಲ್ಲಿ ಹುಟ್ಟಿದ ಆನಂದಮೋಹನ ಚಕ್ರವರ್ತಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ಕಚ್ಚಾ ತೈಲವನ್ನು ತಿನ್ನುವ ಸ್ಯೂಡೊಮೊನಾಸ್ ರೂಪಿಸಿದರು. ಜೀವಿಗೆ ಪೇಟೆಂಟ್ ಕೊಡಬಹುದೇ ಎಂಬ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1980ರ ಜೂನ್ 16ರಂದು 5–4ರ ಬಹುಮತದ ತೀರ್ಪು: ಕೊಡಬಹುದು. ಜಗತ್ತಿನ ಗಮನವೆಲ್ಲ ಆ ಬ್ಯಾಕ್ಟೀರಿಯಾದ ಮೇಲಿತ್ತು. ಆದರೂ ಸಮುದ್ರದ ತೈಲ ಸೋರಿಕೆಗೆ ಅದನ್ನು ಎಂದೂ ಬಿಡಲಿಲ್ಲ.

ಮಾಲಿನ್ಯ ಶುದ್ಧೀಕರಣದ ಸಲುವಾಗಿ ಅಮೆರಿಕದಲ್ಲಿ ಮೊದಲ ಬಾರಿಗೆ ಕುಲಾಂತರಿ ಬ್ಯಾಕ್ಟೀರಿಯಾವನ್ನು ಬಯಲಿಗೆ ತಂದದ್ದು 1996ರಲ್ಲಿ, ಓಕ್ ರಿಡ್ಜ್‌ನಲ್ಲಿ. ಅದೂ ಮಣ್ಣು ತುಂಬಿದ ದೊಡ್ಡ ತೊಟ್ಟಿಗಳಲ್ಲಿ. ವಿಜ್ಞಾನಿಗಳು ಇಷ್ಟು ಹಿಂದೆಮುಂದೆ ನೋಡುವುದಕ್ಕೆ ಗಟ್ಟಿ ಕಾರಣವಿದೆ.

ಬ್ಯಾಕ್ಟೀರಿಯಾಗಳು ತಮ್ಮ ಜೀನ್‌ಗಳನ್ನು ನೆರೆಹೊರೆಯ ಬೇರೆ ಜಾತಿಗಳಿಗೂ ದಾಟಿಸುತ್ತವೆ. ಮರ್ ಜೀನ್‌ಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ. 1950ರ ದಶಕದಲ್ಲಿ ಜಪಾನಿನ ಆಮಶಂಕೆ ರೋಗಿಗಳಿಂದ ಸಿಕ್ಕ ಬ್ಯಾಕ್ಟೀರಿಯಾವೊಂದರಲ್ಲಿ ಪಾದರಸ ತಡೆಯುವ ಜೀನ್‌ಗಳೂ, ಸ್ಟ್ರೆಪ್ಟೊಮೈಸಿನ್ ಮತ್ತು ಸಲ್ಫಾ ಔಷಧಿಗಳನ್ನು ತಡೆಯುವ ಜೀನ್‌ಗಳೂ ಒಂದೇ ತುಣುಕಿನಲ್ಲಿ ಜೊತೆಗಿದ್ದವು. ಆ ತುಣುಕು ಒಂದು ಡಿಎನ್‌ಎಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಹಾಗಾಗಿ ಪಾದರಸವಿರುವಲ್ಲಿ ಔಷಧಿಗೆ ಬಗ್ಗದ ರೋಗಾಣುಗಳೂ ಕೊಬ್ಬುತ್ತವೆ. ಪ್ರಯೋಗಾಲಯದ ಕುಲಾಂತರಿಗಳಲ್ಲಿ ಗುರುತಿಗಾಗಿ ಆ್ಯಂಟಿಬಯೋಟಿಕ್ ತಡೆಯುವ ಜೀನ್ ಇಡುವ ರೂಢಿಯೂ ಇದೆ. ಅಂಥದ್ದನ್ನು ನಮ್ಮ ಕೆರೆಗಳಿಗೆ ಸುರಿಯುವುದನ್ನು ನಾನಂತೂ ಒಪ್ಪಲಾರೆ.

ಕೆಲಸ ಮುಗಿದೊಡನೆ ತಾನೇ ಸಾಯುವಂತೆ ಕೋಶವನ್ನು ತಿದ್ದುವ ಉಪಾಯಗಳಿವೆ. 2015ರಲ್ಲಿ ಅಮೆರಿಕದ ಎರಡು ತಂಡಗಳು, ನಿಸರ್ಗದಲ್ಲಿ ಸಿಗದ ಕೃತಕ ಅಮೈನೊ ಆಮ್ಲವನ್ನು ನಾವು ಉಣಿಸಿದರೆ ಮಾತ್ರ ಬದುಕುವ ಇ. ಕೋಲಿ ರೂಪಿಸಿದವು. ಅದ್ಭುತವಾದ ಬೇಲಿ. ಆದರೆ ಒಂದು ಮಿಲಿಲೀಟರ್ ಕಲ್ಚರ್‌ನಲ್ಲೇ ನೂರು ಕೋಟಿ ಕೋಶಗಳಿರಬಹುದು. ಕೆರೆಗೆ ಬೇಕಾಗುವಷ್ಟು ಪ್ರಮಾಣದಲ್ಲಿ ಒಂದೂ ಬೇಲಿ ಹಾರದು ಎಂದು ಮಾತು ಕೊಡುವವರು ಯಾರು?

ಇವೆಲ್ಲವನ್ನೂ ಬದಿಗಿಟ್ಟರೂ ಒಂದು ಸರಳ ಸಂಗತಿ ಉಳಿಯುತ್ತದೆ. ಪಾದರಸ ತುಂಬಿಕೊಂಡ ಕೋಶ ಕೆರೆಯಲ್ಲೇ ಸತ್ತರೆ ಪಾದರಸ ಕೆರೆಗೇ ಮರಳುತ್ತದೆ. ಅದನ್ನು ಬೇರೊಂದು ಜೀವಿ ತಿಂದರೆ ಮೀನಿನ ಹೊಟ್ಟೆಗೆ ಹೊಸ ದಾರಿ ತೆರೆದಂತೆ. ಲೋಹ ಹೀರುವುದು ಅರ್ಧ ಕೆಲಸ. ಹೀರಿದ ಕೋಶಗಳನ್ನು ಹಿಡಿದು ತರುವುದು ಇನ್ನರ್ಧ. ತೊಟ್ಟಿಯಿಲ್ಲದೆ ಅದು ಆಗದು.

ಪೀಣ್ಯದಿಂದ ಸುರಪುರದವರೆಗೆ

ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ-6 ಇರುವುದು ಬಹುಕಾಲದಿಂದ ಗೊತ್ತಿರುವ ವಿಷಯ. ಕ್ರೋಮ್ ಲೇಪನದ ಎಲೆಕ್ಟ್ರೊಪ್ಲೇಟಿಂಗ್ ಶೆಡ್‌ಗಳ ಬಳುವಳಿ ಅದು. ವೃಷಭಾವತಿ ಹೊತ್ತು ತಂದ ನಗರದ ಕೊಳಚೆಯೆಲ್ಲ ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ಆ ನೀರುಂಡು ಬೆಳೆದ ತರಕಾರಿಗಳಲ್ಲಿ ಭಾರಲೋಹ ಇರುವುದನ್ನು ಅಧ್ಯಯನಗಳು ತೋರಿಸಿವೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ಆರ್ಸೆನಿಕ್ ಕುಡಿದು ಜನರ ಅಂಗೈ, ಅಂಗಾಲುಗಳಲ್ಲಿ ಗಂಟುಗಳೆದ್ದವು. ಅಲ್ಲಿ ಯಾವ ಕಾರ್ಖಾನೆಯೂ ವಿಷ ಸುರಿದಿರಲಿಲ್ಲ. ಅದು ಚಿನ್ನದ ಅದಿರಿನ ಪಟ್ಟಿ. ಬಂಡೆಯಲ್ಲೇ ಆರ್ಸೆನಿಕ್ ಇದೆ.

ಮೂರಕ್ಕೂ ಒಂದೇ ಮದ್ದು ನಡೆಯದು. ಮೂರರಲ್ಲಿ ಪೀಣ್ಯದ್ದು ಸುಲಭ. ಕ್ರೋಮಿಯಂ-6 ನೀರಿನಲ್ಲಿ ಕರಗಿ ಓಡಾಡುವ ಉಗ್ರ ವಿಷ. ಅದನ್ನೇ ಕ್ರೋಮಿಯಂ-3ಕ್ಕೆ ಇಳಿಸಿದರೆ ವಿಷ ಬಹಳಷ್ಟು ತಗ್ಗುತ್ತದೆ, ಲೋಹ ತಳಕ್ಕೆ ಕೂರುತ್ತದೆ. ಎಷ್ಟೋ ಸಹಜ ಬ್ಯಾಕ್ಟೀರಿಯಾಗಳೇ ಈ ಕೆಲಸ ಬಲ್ಲವು. ಶೆಡ್‌ಗಳ ನೀರು ಒಂದು ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಬಂದರೆ, ಅಲ್ಲಿನ ತೊಟ್ಟಿಯಲ್ಲಿ ಇವುಗಳನ್ನು ದುಡಿಸಬಹುದು. ತಳದ ಕೆಸರು ದಾಬಸ್‌ಪೇಟೆಯಂಥ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕಕ್ಕೆ ಲೆಕ್ಕ ಸಮೇತ ಹೋಗಬೇಕು. ಬೈರಮಂಗಲದಂಥ ಕೆರೆಯಲ್ಲಿ ಮಾತ್ರ ಯಾವ ಬ್ಯಾಕ್ಟೀರಿಯಾವೂ ಮೇಲಿನಿಂದ ಬರುವ ಹರಿವಿನ ವಿರುದ್ಧ ಗೆಲ್ಲದು.

ಕಿರದಳ್ಳಿಯಂಥ ಊರುಗಳಿಗೆ ಮೊದಲು ಬೇಕಾದದ್ದು ಸುರಕ್ಷಿತ ನೀರಿನ ಬೇರೆ ಮೂಲ. ಅದರ ಜೊತೆಗೇ ಪರೀಕ್ಷೆ. ಇಲ್ಲಿ ಕುಲಾಂತರಿ ಬ್ಯಾಕ್ಟೀರಿಯಾ ಬಹುಬೇಗ ಕೈಗೆ ಬರುವ ಸಾಧ್ಯತೆಯಿದೆ. ಆರ್ಸ್-ಆರ್ ಪ್ರೋಟೀನ್ ಆರ್ಸೆನಿಕ್ ಕಂಡೊಡನೆ ಜೀನಿನ ಬೀಗ ತೆಗೆಯುತ್ತದೆ. ಆ ಬೀಗದ ಹಿಂದೆ ಬೆಳಕು ಸೂಸುವ ಜೀನ್ ಇಟ್ಟರೆ ಕೋಶವೇ ಪರೀಕ್ಷಾ ಕಿಟ್ ಆಗುತ್ತದೆ. ಸ್ವಿಟ್ಜರ್ಲೆಂಡ್‌ನ ವಿಜ್ಞಾನಿಗಳು ರೂಪಿಸಿದ ಇಂಥ ಜೀವಿಯನ್ನು ವಿಯೆಟ್ನಾಂನ ಬಾವಿಗಳ ನೀರಿನ ಮೇಲೆ ಪರೀಕ್ಷಿಸಿ 2005ರಲ್ಲಿ ಯಶಸ್ಸನ್ನು ವರದಿ ಮಾಡಿದರು. ಸೀಸೆಯೊಳಗೇ ಕೆಲಸ, ಸೀಸೆಯೊಳಗೇ ಸಾವು. ಕೆರೆಗೆ ಬಿಡುವ ಮಾತೇ ಇಲ್ಲ.

ಕುಲಾಂತರಿ ಸೂಕ್ಷ್ಮಜೀವಿಗಳ ಬಳಕೆಗೆ ನಮ್ಮಲ್ಲಿ 1989ರಿಂದಲೇ ನಿಯಮಗಳಿವೆ, ಪರಿಸರಕ್ಕೆ ಬಿಡಬೇಕಾದರೆ ಕೇಂದ್ರದ ಜಿಇಎಸಿ ಸಮಿತಿಯ ಒಪ್ಪಿಗೆ ಬೇಕು. ಅದು ಬಿಗಿಯಾಗಿಯೇ ಇರಲಿ. ಆದರೆ ತೊಟ್ಟಿಯೊಳಗಿನ ಪ್ರಯೋಗಕ್ಕೂ ಕೆರೆಗೆ ಸುರಿಯುವುದಕ್ಕೂ ಅಜಗಜಾಂತರ. ಎರಡನ್ನೂ ಒಂದೇ ಭಯದಿಂದ ನೋಡಿ, ಪ್ರಯೋಗಾಲಯದ ಕೆಲಸವೆಲ್ಲ ಪ್ರಬಂಧಗಳಲ್ಲೇ ಉಳಿಯುವಂತೆ ಮಾಡಬಾರದು.

ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಸಾಕಿ ಲೋಹದ ಕೆಲಸ ಮಾಡಿಸುವುದು ಕರ್ನಾಟಕಕ್ಕೆ ಹೊಸತೂ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಎ. ನಟರಾಜನ್ ಅವರ ತಂಡ ಹಟ್ಟಿ ಚಿನ್ನದ ಗಣಿಯ ಜೊತೆಗೂಡಿ, ಗಂಧಕ ಮತ್ತು ಕಬ್ಬಿಣದ ಮೇಲೆ ಬದುಕುವ ಸಹಜ ಬ್ಯಾಕ್ಟೀರಿಯಾಗಳಿಂದ ಅದಿರಿನಲ್ಲಿ ಸಿಕ್ಕಿಬಿದ್ದ ಚಿನ್ನವನ್ನು ಬಿಡಿಸುವ ಕೆಲಸ ಮಾಡಿದೆ. ಹಟ್ಟಿ ಇರುವುದು ರಾಯಚೂರು ಜಿಲ್ಲೆಯಲ್ಲಿ, ಕಿರದಳ್ಳಿ ತಾಂಡಾ ಅದರ ನೆರೆಯ ಯಾದಗಿರಿಯಲ್ಲಿ. ಚಿನ್ನಕ್ಕೆ ಒದಗಿದ ಆ ಜಾಣ್ಮೆಯನ್ನು ಕುಡಿಯುವ ನೀರಿಗಾಗಿಯೂ ದುಡಿಸಿ ಎಂದು ಕೇಳುವ ಹಕ್ಕು ಅಲ್ಲಿನ ಜನರಿಗಿದೆ.